ಆ 2/5 ಎಲ್ಲಿ ಹೋಯಿತು?

ಮೊನ್ನೆ ಆರನೆಯ ತರಗತಿಯ ಹೋಂವರ್ಕ್ ಪುಸ್ತಕಗಳನ್ನು ತಿದ್ದುತ್ತಾ ಕುಳಿತಿದ್ದೆ. 1/2 + 1/3 ಎಷ್ಟು ಎಂಬ ಲೆಕ್ಕ. ಪ್ರತಿ ವರ್ಷ ನಾಲ್ಕಾರು ಮಕ್ಕಳಾದರೂ 2/5 ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುತ್ತಾರೆ. ಈ ಸಲ ಎಲ್ಲರದ್ದೂ 5/6. ಲ.ಸಾ.ಅ. ತೆಗೆದು, ಹಂತ ಹಂತವಾಗಿ, ಒಂದು ಕಾಟೂ ಇಲ್ಲದೆ. ಸಂತೋಷವಾಗಬೇಕಿತ್ತು, ಮೊಬೈಲಿನ ಎಐ (ಕೃತಕ ಬುದ್ಧಿಮತ್ತೆ) ಬರೆದುಕೊಟ್ಟಿತೇನೋ ಎಂಬ ಅನುಮಾನ ಬಂತು. ಮರುದಿನ ತರಗತಿಯಲ್ಲೇ 1/2 + 1/5 ಕೊಟ್ಟೆ. 2/7 ಸಾಲುಸಾಲಾಗಿ ಬಂತು!

ನಿಜ ಹೇಳಬೇಕೆಂದರೆ, ಅದನ್ನು ನೋಡಿ ನನಗೆ ಸಮಾಧಾನವೇ ಆಯಿತು. ತಪ್ಪು ಉತ್ತರದಲ್ಲಿ ಮಗುವಿನ ತಲೆಯೊಳಗೆ ಏನು ನಡೆಯಿತೆಂಬುದು ಕಾಣುತ್ತದೆ. "ಏಳರಲ್ಲಿ ಎರಡು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಎಂದು ಕೇಳಿದೆ. ಪೆನ್ಸಿಲ್ ಕಚ್ಚುತ್ತಾ ಕುಳಿತಿದ್ದ ಹುಡುಗಿಯೊಬ್ಬಳು ಬೆಚ್ಚಿದಳು: "ಮೇಡಂ, ಕೂಡಿಸಿದರೆ ಕಡಿಮೆಯಾಯಿತಲ್ಲ!" ಈ ಗಳಿಗೆಗಾಗಿಯೇ ನಾವು ಪಾಠ ಮಾಡುವುದು. ಮೊಬೈಲ್ ಒದಗಿಸಿದ 5/6 ಇದನ್ನೇ ನುಂಗಿಹಾಕಿತ್ತು.

ಇದು ನನ್ನೊಬ್ಬಳ ಗೊಣಗಾಟ ಎನ್ನುವವರು ಟರ್ಕಿಯ ಪ್ರೌಢಶಾಲೆಯ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಗಣಿತದ ಅಧ್ಯಯನವನ್ನು ನೋಡಬಹುದು. ಜಿಪಿಟಿ-4 ಎಂಬ ಎಐ ಜೊತೆಗಿದ್ದಾಗ ಅಭ್ಯಾಸದ ಲೆಕ್ಕಗಳಲ್ಲಿ ಮಕ್ಕಳ ಸಾಧನೆ ಶೇ 48ರಷ್ಟು ಏರಿತು. ಅದನ್ನು ಹಿಂತೆಗೆದು ಪರೀಕ್ಷೆ ಬರೆಸಿದಾಗ, ಮೊದಲಿನಿಂದಲೂ ಅದನ್ನು ಮುಟ್ಟದವರಿಗಿಂತ ಶೇ 17ರಷ್ಟು ಕೆಳಗಿಳಿಯಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಗುಂಪಿಗೆ, ಉತ್ತರ ಬಿಟ್ಟುಕೊಡದೆ ಶಿಕ್ಷಕರು ಹೆಣೆದ ಸುಳಿವುಗಳನ್ನಷ್ಟೇ ಕೊಡುವ ಯಂತ್ರವಿತ್ತು. ಅವರಲ್ಲಿ ಈ ಕುಸಿತ ಬಹುಮಟ್ಟಿಗೆ ಕಾಣಲಿಲ್ಲ.

ಹಾಗಾಗಿ ನಿಷೇಧದ ಕೂಗಿಗೆ ನಾನು ದನಿ ಸೇರಿಸುವುದಿಲ್ಲ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2023ರ ಜನವರಿಯಲ್ಲಿ ಚಾಟ್‌ಜಿಪಿಟಿಗೆ ತಡೆ ಹಾಕಿ, ಮೇ ತಿಂಗಳಲ್ಲಿ ಹಿಂದೆ ಸರಿದವು. ಪತ್ತೆದಾರಿಕೆಯೂ ಫಲಿಸುವುದಿಲ್ಲ: ಯಂತ್ರ ಬರೆದದ್ದನ್ನು ಗುರುತಿಸಲು, ಚಾಟ್‌ಜಿಪಿಟಿ ತಯಾರಿಸಿದ ಕಂಪನಿ ಓಪನ್‌ಎಐ ತಾನೇ ತಂದ ಸಾಧನವನ್ನು, ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ತಾನೇ ಹಿಂಪಡೆಯಿತು.

ನನ್ನ ತಕರಾರು ಆತುರದ ಬಗ್ಗೆ. ಕಂಪ್ಯೂಟರ್ ಬಂದಾಗ ಕೊಠಡಿಗೆ ಬೀಗ ಜಡಿದು ದೂಳಿನಿಂದ ಕಾಪಾಡಿದವರು ನಾವು (ದೂಳೇ ಗೆದ್ದಿತು, ಆ ಮಾತು ಬೇರೆ). ಈಗ ಇನ್ನೊಂದು ತುದಿಗೆ ಹಾರಿ, ಶಿಕ್ಷಕರಿಗೆ ಒಂದು ದಿನದ ತರಬೇತಿಯನ್ನೂ ಕೊಡದೆ ಮಕ್ಕಳ ಕೈಗೆ ಎಲ್ಲವನ್ನೂ ಇಡಲು ಹೊರಟಿದ್ದೇವೆ. ತರಗತಿಯಲ್ಲಿ ಇಂಥ ಎಐ ಬಳಕೆಗೆ 13 ವರ್ಷದ ಕನಿಷ್ಠ ವಯೋಮಿತಿ ಇರಲಿ ಎಂದು ಯುನೆಸ್ಕೋ 2023ರಲ್ಲೇ ಹೇಳಿದೆ. ನನ್ನ ಆರನೆಯ ತರಗತಿಯವರು ಆ ಗೆರೆಯ ಈಚೆಗಿದ್ದಾರೆ. ಅಲ್ಲಿಯವರೆಗೆ ಅದು ಶಿಕ್ಷಕರ ಮೇಜಿನ ಮೇಲಿರಲಿ. ಪ್ರಶ್ನೆಪತ್ರಿಕೆ ತಯಾರಿಸುವಾಗ ನಾನೂ ಬಳಸುತ್ತೇನೆ, ಬಚ್ಚಿಡುವುದೇನಿದೆ?

ಈ ವಾರದಿಂದ ಲೆಕ್ಕದ ಹೋಂವರ್ಕ್ ಕೊಡುವುದನ್ನು ನಿಲ್ಲಿಸಿದ್ದೇನೆ. ಬದಲಿಗೆ "2/5 ಎಂದು ಬರೆದ ಗೆಳೆಯನಿಗೆ ಅದೇಕೆ ತಪ್ಪೆಂದು ತಿಳಿಸಿ ಹೇಳು" ಎಂದು ತರಗತಿಯಲ್ಲೇ ಬರೆಸಿದೆ. ಒಬ್ಬ ಹುಡುಗ ಬರೆದ: "ಎರಡೂ ತುಂಡು ಒಂದೇ ಅಳತೆ ಇಲ್ಲ. ಮೊದಲು ಒಂದೇ ಅಳತೆಗೆ ಕತ್ತರಿಸು, ಆಮೇಲೆ ಎಣಿಸು." ಸೊಟ್ಟ ಅಕ್ಷರ, ಎರಡು ಕಡೆ ಒತ್ತು ಬಿಟ್ಟುಹೋಗಿತ್ತು. ಪೂರ್ತಿ ಅಂಕ ಕೊಟ್ಟೆ.