ಮುಖ ಬಿಡಿಸಿದರೆ ಸಾಲದು, ಮೈಗೆ ತಾಕಬೇಕು

ಸಿನಿಮಾ ನೋಡ್ತಾ ನೋಡ್ತಾ ‘ಅಯ್ಯೋ, ಅಲ್ಲಿ ನಾನಿರಬೇಕಿತ್ತು’ ಅನ್ನಿಸುವ ಒಂದು ಜಾಗ ಬರುತ್ತದೆ. ಮನೆಮಂದಿಯೆಲ್ಲ ಕೂತು ನೋಡುವ ಒಳ್ಳೆಯ ಸಿನಿಮಾ ಯಾವುದೇ ಇರಲಿ, ಅಂಥ ಜಾಗ ಅದರಲ್ಲಿ ಒಂದಾದರೂ ಇರುತ್ತದೆ. ಸಿನಿಮಾ ಇಟ್ಟುಕೊಂಡು ಜಾತ್ರೆಗೋ ಪಾರ್ಕಿಗೋ ರೈಡ್ ಕಟ್ಟುವವರು ಮೊದಲು ಹುಡುಕಬೇಕಾದ್ದು ಅದನ್ನ. ಅದು ಸಿಕ್ಕರೆ ಉಳಿದದ್ದು ಕಬ್ಬಿಣ, ಮೋಟರು, ಬಣ್ಣ. ಸಿಗದಿದ್ದರೆ ಎಷ್ಟು ಕೋಟಿ ಸುರಿದರೂ ಸುಮ್ನೆ ಅಲುಗಾಡುವ ಕುರ್ಚಿ.

ಕೊಪ್ಪಳದಲ್ಲಿ ನಮ್ಮದು ವೆಲ್ಡಿಂಗ್ ಅಂಗಡಿ. ಗವಿಮಠದ ಜಾತ್ರೆ ಹತ್ತಿರ ಬಂತು ಅಂದ್ರೆ ತೊಟ್ಟಿಲು, ಕೊಲಂಬಸ್, ಬ್ರೇಕ್ ಡಾನ್ಸ್, ಮಕ್ಕಳ ರೈಲು ಎಲ್ಲ ಲಾರಿಗಳಲ್ಲಿ ಬಂದು ಇಳಿಯುತ್ತವೆ. ಬಿರುಕು ಬಿಟ್ಟ ಪೈಪು, ಸವೆದ ಬುಷ್ಷು, ಸೊಟ್ಟಗಾದ ಆ್ಯಂಗಲ್ಲು ನಮ್ಮ ಅಂಗಡಿಗೆ ಬರುತ್ತವೆ. ಆ ಮಾಲೀಕರು, ಅವರ ಹುಡುಗರು ಪಡುವ ಕಷ್ಟ ನನಗೆ ಗೊತ್ತು. ಊರಿಂದ ಊರಿಗೆ ಬಿಚ್ಚಬೇಕು, ಹೇರಬೇಕು, ಮತ್ತೆ ಜೋಡಿಸಬೇಕು. ಮಳೆ ಬಂದರೆ ಕಲೆಕ್ಷನ್ ಇಲ್ಲ. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಅದಕ್ಕೇ ಈ ಮಾತು ಅವರಿಗೂ ತಲುಪಲಿ ಅಂತ ಬರೀತಿದ್ದೀನಿ.

ಮಕ್ಕಳ ರೈಲಿನ ಎಂಜಿನ್ನಿಗೆ ಛೋಟಾ ಭೀಮನ ಮುಖ ಇರುತ್ತದೆ. ಹಿಂದಿನ ಡಬ್ಬಿಗಳ ಮೇಲೆ ಸ್ಪೈಡರ್‌ಮ್ಯಾನ್, ಮಿಕ್ಕಿ ಮೌಸ್. ಫೈಬರ್ ಮೇಲೆ ಪುಟ್ಟಿ ಹಚ್ಚಿ, ಕಂಪ್ರೆಸರ್‌ನಲ್ಲಿ ಬಣ್ಣ ಹೊಡೆದಿರುತ್ತಾರೆ. ಹತ್ತಿರ ಹೋಗಿ ನೋಡಿ, ಭೀಮನ ಮೂಗಿನ ತುದಿಯಲ್ಲಿ ಮಾತ್ರ ಬಣ್ಣ ಎದ್ದು ಬಿಳಿ ಫೈಬರ್ ಕಾಣುತ್ತದೆ. ಹತ್ತುವ ಮಕ್ಕಳೆಲ್ಲ ಮೊದಲು ಮುಟ್ಟುವುದು ಆ ಮೂಗನ್ನೇ. ನನ್ನ ಮಗಳೂ ಮುಟ್ಟಿ ಹತ್ತಿದಳು. ರೈಲು ಸುತ್ತು ಹೊಡೆದು ನಿಂತಿತು. ಇಳಿದು ಬಂದವಳು ಕೇಳಿದಳು, “ಅಪ್ಪಾ, ಭೀಮ ಏನೂ ಮಾಡಲೇ ಇಲ್ಲಲ್ಲಾ?”

ಖರೆ ಅಲ್ವಾ? ಭೀಮ ಅಂದ ಮೇಲೆ ಲಾಡು ತಿನ್ನಬೇಕು, ಏನಾದರೂ ಎತ್ತಿ ಒಗೆಯಬೇಕು. ಇಲ್ಲಿ ಅವನ ಮುಖ ಅಳಿಸಿ ಇನ್ನೊಬ್ಬರ ಮುಖ ಬರೆದರೂ ರೈಲು ಹಂಗೇ ಓಡುತ್ತದೆ.

ದೊಡ್ಡ ಊರಿನ ಪಾರ್ಕುಗಳಲ್ಲೂ ಇದೇ ಹಣೆಬರಹ, ಖರ್ಚು ಮಾತ್ರ ಜಾಸ್ತಿ. ಒಂದು ಕಡೆ ಅವ್ವನನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಸಿನಿಮಾ ರೈಡ್ ಅಂತ ಬೋರ್ಡು. ಒಳಗೆ ಕತ್ತಲೆ, ಎದುರಿಗೆ ಪರದೆ, ಕೂತ ಸೀಟು ಎತ್ತಿ ಎತ್ತಿ ಕುಕ್ಕುತ್ತದೆ. ಪರದೆ ಮೇಲೆ ಏನೇ ಓಡಲಿ, ಕುಕ್ಕುವುದು ಒಂದೇ ಥರ. ಬೆನ್ನು ನೋವಿದ್ದವರು ಹತ್ತಬಾರದು ಅಂತ ಅವ್ವನನ್ನ ಬಾಗಿಲಲ್ಲೇ ತಡೆದರು. ನಿಯಮ ಸರಿಯಾದದ್ದೇ. ಆದರೆ ಆ ಸಿನಿಮಾವನ್ನ ಮನೆಯಲ್ಲಿ ಟಿವಿ ಮುಂದೆ ನೋಡುವಾಗ ಅವ್ವ ನಡುವೆ ಕೂತಿದ್ದಳು, ಮೊಮ್ಮಗಳು ಅವಳ ತೊಡೆ ಮೇಲೆ. ರೈಡಿಗೆ ಬಂದಾಗ ಅವಳು ಹೊರಗೆ ಬ್ಯಾಗು ಕಾಯ್ತಾ ಕೂರಬೇಕಾಯಿತು. ಇವತ್ತಿಗೂ ನನಗೆ ಅದು ಬೇಜಾರು.

ಡಿಸ್ನಿಲ್ಯಾಂಡ್ ಹುಟ್ಟಿದ್ದೇ ಇಂಥ ಬೇಜಾರಿನಿಂದ. ವಾಲ್ಟ್ ಡಿಸ್ನಿ ಒಂದು ಸಂದರ್ಶನದಲ್ಲಿ ತಾವೇ ಹೇಳಿದ್ದಾರೆ. ಹೆಣ್ಣುಮಕ್ಕಳಿಬ್ಬರನ್ನ ಕರೆದುಕೊಂಡು ಹೋಗುತ್ತಿದ್ದರಂತೆ. ಅವರು ಮರದ ಕುದುರೆ ಏರಿ ತಿರುಗುತ್ತಿದ್ದರೆ, ಅಪ್ಪ ಬೆಂಚಿನ ಮೇಲೆ ಶೇಂಗಾ ತಿಂತಾ ಕೂರಬೇಕು. ಅಪ್ಪ ಅಮ್ಮ ಮಕ್ಕಳು ಕೂಡಿ ಆಡುವ ಜಾಗ ಒಂದು ಬೇಕು ಅಂತ ಅಲ್ಲಿ ಹೊಳೆಯಿತಂತೆ. 1955ರ ಜುಲೈ 17ರಂದು ಅಮೆರಿಕದ ಅನಾಹೈಮ್‌ನಲ್ಲಿ ಆ ಪಾರ್ಕು ತೆರೆಯಿತು. ಅವರದೇ ಸಿನಿಮಾಗಳ ಮೇಲೆ ಕಟ್ಟಿದ ರೈಡ್‌ಗಳು ಮೊದಲ ವರ್ಷದಿಂದಲೇ ಇದ್ದವು. ಮಾಟಗಾತಿಯ ಕಾಟಕ್ಕೆ ಸಿಕ್ಕ ರಾಜಕುಮಾರಿಯ ಕಥೆ 1937ರ ಸ್ನೋ ವೈಟ್, ಹಾರುವ ಹುಡುಗನ ಕಥೆ 1953ರ ಪೀಟರ್ ಪ್ಯಾನ್.

ಪೀಟರ್ ಪ್ಯಾನ್ ರೈಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು. ಆ ಕಾಲದ ಬೇರೆ ರೈಡ್‌ಗಳಲ್ಲಿ ಹಳಿ ನೆಲದ ಮೇಲಿತ್ತು, ಗಾಡಿ ಅದರ ಮೇಲೆ ಓಡುತ್ತಿತ್ತು. ಇದರಲ್ಲಿ ಹಳಿಯನ್ನ ಮೇಲಕ್ಕೆ ಒಯ್ದರು. ಪುಟ್ಟ ಹಡಗು ಹಳಿಗೆ ಜೋತು ಬಿದ್ದು ಸಾಗುತ್ತದೆ. ಕೆಳಗೆ ನೋಡಿದರೆ ಕಾಲ ಬುಡದಲ್ಲಿ ಏನೂ ಇಲ್ಲ, ಆಳದಲ್ಲಿ ರಾತ್ರಿಯ ಲಂಡನ್ ಊರು ಚಿಕ್ಕ ಚಿಕ್ಕ ದೀಪಗಳಾಗಿ ಮಿನುಗುತ್ತದೆ. ಆ ಸಿನಿಮಾ ನೋಡಿದ ಮಗುವಿಗೆ ಏನು ಬೇಕು? ಕಿಟಕಿಯಿಂದ ಹೊರಗೆ ಹಾರಬೇಕು. ಹಳಿಯ ಜಾಗ ಬದಲಿಸಿ ಅದನ್ನ ಕೊಟ್ಟುಬಿಟ್ಟರು. ಪೂರಾ ರೈಡ್ ಮೂರು ನಿಮಿಷವೂ ಇಲ್ಲ. ಎಪ್ಪತ್ತು ವರ್ಷ ಆಯಿತು, ಇವತ್ತಿಗೂ ಆ ಪಾರ್ಕಿನಲ್ಲಿ ಅದರ ಮುಂದೆ ಉದ್ದನೆಯ ಸಾಲು. ಎತ್ತರ ಇಷ್ಟಿರಬೇಕು ಅನ್ನುವ ನಿಯಮವೂ ಇಲ್ಲ. ಕೈಗೂಸು ಎತ್ತಿಕೊಂಡ ತಾಯಿಯೂ ಕೂರಬಹುದು. ಯೂಟ್ಯೂಬಿನಲ್ಲಿ ಯಾರೋ ಕೂತು ತೆಗೆದ ವಿಡಿಯೋ ಇದೆ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನೂ ಮಗಳೂ ಕೂಡಿ ನೋಡ್ತೀವಿ. ಹಡಗು ಕಿಟಕಿ ದಾಟುವಾಗ ಅವಳು ಇಲ್ಲೇ ಕಾಲು ಮೇಲಕ್ಕೆ ಎತ್ತುತ್ತಾಳೆ.

ಇನ್ನೊಂದು ವಿಷಯ. ಮೊದಲು ಈ ರೈಡ್‌ಗಳಲ್ಲಿ ಪೀಟರ್ ಪ್ಯಾನೂ ಇರಲಿಲ್ಲ, ಸ್ನೋ ವೈಟೂ ಇರಲಿಲ್ಲ. ಕೂತವರೇ ಪೀಟರ್, ಕೂತವರೇ ಸ್ನೋ ವೈಟ್ ಅನ್ನುವುದು ಕಟ್ಟಿದವರ ಲೆಕ್ಕ. ಜನಕ್ಕೆ ಅದು ತಿಳಿಯಲಿಲ್ಲ. ಹುಡುಗಿ ಎಲ್ಲಿ, ಪೀಟರ್ ಎಲ್ಲಿ ಅಂತ ಕೇಳ್ತಾನೇ ಇದ್ದರು. ಕೊನೆಗೆ 1983ರಲ್ಲಿ ರೈಡ್ ಹೊಸದು ಮಾಡುವಾಗ ಅವರ ಗೊಂಬೆಗಳನ್ನ ಇಟ್ಟರು. ನನ್ನ ಕೇಳಿದರೆ ಮೊದಲಿನ ಯೋಚನೆಯೇ ದೊಡ್ಡದು. ‘ಇದರಲ್ಲಿ ನೀನೇ ಅವನು’ ಅಂತ ಹತ್ತುವಾಗಲೇ ಮಗುವಿಗೆ ಗೊತ್ತಾಗುವ ಹಾಗೆ ಮಾಡಬೇಕಿತ್ತು ಅಷ್ಟೇ. ಬೇರೆ ಗ್ರಹದಿಂದ ಬಂದ ಜೀವಿಯನ್ನ ಹುಡುಗನೊಬ್ಬ ಸೈಕಲ್ ಮೇಲೆ ಕೂರಿಸಿಕೊಂಡು ಹಾರುವ 1982ರ ಇ.ಟಿ. ಸಿನಿಮಾ ಮೇಲೆ 1990ರಲ್ಲಿ ಫ್ಲೋರಿಡಾದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ರೈಡ್ ಮಾಡಿದವರು ಇದನ್ನ ಚೆನ್ನಾಗಿ ಮಾಡಿದರು. ಕೂರುವ ಸೀಟೇ ಸೈಕಲ್. ಒಳಗೆ ಹೋಗುವ ಮುಂಚೆ ನಿಮ್ಮ ಹೆಸರು ಕೇಳಿ ಒಂದು ಕಾರ್ಡು ಕೊಡುತ್ತಾರೆ. ಸೈಕಲ್ ಹಾರಿ, ಊರು ದಾಟಿ, ಕೊನೆಗೆ ಬೀಳ್ಕೊಡುವಾಗ ಇ.ಟಿ. ನಿಮ್ಮ ಹೆಸರು ಹಿಡಿದು ಕರೆಯುತ್ತದೆ! ಆ ಕ್ಷಣಕ್ಕೆ ಎದೆ ತುಂಬಿ ಬರದ ಮಗು ಇರುತ್ತಾ?

ಈಗ ನಮ್ಮ ಮನೆಗೆ ಬರೋಣ. ಮಹಾರಾಷ್ಟ್ರದ ಇಮ್ಯಾಜಿಕಾ ಪಾರ್ಕಿನಲ್ಲಿ 1987ರ ಹಿಂದಿ ಸಿನಿಮಾ ಮಿಸ್ಟರ್ ಇಂಡಿಯಾ ಹೆಸರಲ್ಲಿ ರೈಡ್ ಬಂದಿತ್ತು. ಕನ್ನಡದ ಮಕ್ಕಳು ಮನಸಾರೆ ನೋಡಿದ ಸಿನಿಮಾಗಳು ಕಡಿಮೆಯಾ? ನನ್ನ ತಲೆಯಲ್ಲಿ ಮೊದಲು ಬರುವುದು 777 ಚಾರ್ಲಿ. 2022ರ ಜೂನ್‌ನಲ್ಲಿ ಬಂದದ್ದು, ಇಡೀ ಥಿಯೇಟರ್ ಅತ್ತಿತ್ತು. ಅದರಲ್ಲಿನ ನಾಯಿ ಚಾರ್ಲಿಗೆ ಹಿಮ ಅಂದ್ರೆ ಇಷ್ಟ. ಅದನ್ನ ತೋರಿಸೋಕೆ ಸಾಕಿದವನಾದ ಧರ್ಮ ಬೈಕಿಗೆ ಸೈಡ್‌ಕಾರ್ ಜೋಡಿಸಿಕೊಂಡು ಮೈಸೂರಿನಿಂದ ಹಿಮಾಲಯದ ಕಡೆಗೆ ಹೊರಡುತ್ತಾನೆ. ಆ ಸೈಡ್‌ಕಾರೇ ರೈಡ್! ಬೇರೆ ಹುಡುಕುವ ಅಗತ್ಯವೇ ಇಲ್ಲ.

ಕೂರುವವರನ್ನ ಸೈಡ್‌ಕಾರಿನಲ್ಲಿ, ಚಾರ್ಲಿಯ ಜಾಗದಲ್ಲಿ ಕೂರಿಸಬೇಕು. ಸೀಟು ತೀರಾ ಕೆಳಗಿರಬೇಕು, ರಸ್ತೆ ಕಣ್ಣಿನ ಸಮಕ್ಕೆ ಓಡಬೇಕು. ನಾಯಿಗೆ ಲೋಕ ಕಾಣುವುದು ಆ ಎತ್ತರದಲ್ಲಿ. ಪಕ್ಕದಲ್ಲಿ ಬೈಕಿನ ದಡದಡ ಸೀಟಿನ ಕೆಳಗೆ ತಾಕಬೇಕು. ಅದಕ್ಕೆ ಒಂದು ಸಣ್ಣ ಮೋಟರು, ಶಾಫ್ಟಿಗೆ ಒಂದು ಕಡೆ ತೂಕ ಹಾಕಿದರೆ ಸಾಕು. ಮೊದಲು ಮುಖಕ್ಕೆ ಬಿಸಿಗಾಳಿ, ಆಮೇಲೆ ತಂಪು, ಆಮೇಲೆ ಚಳಿ. ಕೊನೆಗೆ ಮೇಲಿಂದ ಬಿಳಿ ನೊರೆಯ ಹಿಮ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ನಮ್ಮ ಮಕ್ಕಳೂ ಚಾರ್ಲಿ ಹಾಗೇ ಹಿಮವನ್ನ ಟಿವಿಯಲ್ಲಿ ನೋಡಿದವರು. ಆ ಹಿಮ ಕೈ ಮೇಲೆ ಬೀಳುವಲ್ಲಿಗೆ ರೈಡ್ ನಿಲ್ಲಬೇಕು. ಸಿನಿಮಾದಲ್ಲಿ ಮುಂದೆ ಆಗುವುದು ನಮಗೆಲ್ಲ ಗೊತ್ತು, ಅದು ಬೇಡ. ಆ ದುಃಖಕ್ಕೆ ಎರಡೂವರೆ ಗಂಟೆ ಮೀರಿದ ಸಿನಿಮಾ ಬೇಕು. ಮೂರು ನಿಮಿಷದಲ್ಲಿ ಅದನ್ನ ಹೊರಿಸುವುದು ಮಗುವಿಗೆ ಮಾಡುವ ಅನ್ಯಾಯ.

ಎಲ್ಲ ಒಳ್ಳೆಯ ಸಿನಿಮಾನೂ ರೈಡ್ ಆಗಬೇಕಿಲ್ಲ. 1985ರ ಬೆಟ್ಟದ ಹೂವು ನನಗೆ ತುಂಬಾ ಪ್ರೀತಿಯ ಸಿನಿಮಾ, ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದದ್ದು. ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಬೇಕು ಅಂತ ಹೂವು ಮಾರಿ ಕಾಸು ಕೂಡಿಟ್ಟ ಹುಡುಗ, ಕೊನೆಗೆ ಆ ದುಡ್ಡಿಗೆ ಮನೆಯವರಿಗೆ ಕಂಬಳಿ ತರುತ್ತಾನೆ. ಇದನ್ನ ಯಾವ ಹಳಿ ಮೇಲೆ ಓಡಿಸೋದು? ಆದರೆ ಬೇರೆ ದಾರಿ ಇದೆ. ಜಪಾನಿನ ಐಚಿಯಲ್ಲಿ 2022ರ ನವೆಂಬರ್‌ನಲ್ಲಿ ಘಿಬ್ಲಿ ಪಾರ್ಕ್ ತೆರೆಯಿತು, ಘಿಬ್ಲಿ ಅನ್ನುವ ಅನಿಮೇಷನ್ ಸ್ಟುಡಿಯೋದ ಸಿನಿಮಾಗಳ ಮೇಲೆ ಕಟ್ಟಿದ್ದು. ಅಲ್ಲಿ ದೊಡ್ಡ ದೊಡ್ಡ ರೈಡ್‌ಗಳಿಲ್ಲ. 1988ರ ಟೊಟೊರೊ ಸಿನಿಮಾದ ಅಕ್ಕ ತಂಗಿಯರ ಮನೆಯನ್ನ ನಿಜವಾಗಿ ಕಟ್ಟಿದ್ದಾರೆ. ಒಳಗೆ ಹೋಗಿ ಕಪಾಟು, ಡ್ರಾಯರು ತೆಗೆದು ನೋಡಬಹುದು. ಬೆಟ್ಟದ ಹೂವಿನ ಹುಡುಗನ ಮನೆಯೂ ಹಾಗೇ ಇರಲಿ. ಮಗು ಆ ಕಂಬಳಿಯನ್ನ ಮುಟ್ಟಿ ನೋಡಲಿ.

ಆದರೆ ನಾಳೆಯೇ ಶುರು ಮಾಡಬಹುದಾದದ್ದು ಪ್ರಹ್ಲಾದ. 1983ರ ಭಕ್ತ ಪ್ರಹ್ಲಾದದಲ್ಲಿ ರಾಜಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ನಾವೆಲ್ಲ ಅದನ್ನ ನೋಡಿ ಬೆಳೆದೆವು. 2025ರಲ್ಲಿ ಮಹಾವತಾರ ನರಸಿಂಹ ಅನಿಮೇಷನ್ ಬಂದ ಮೇಲೆ ನಮ್ಮ ಮಕ್ಕಳಿಗೂ ಇದು ಬಾಯಿಪಾಠ. ಅವ್ವ, ನಾನು, ಮಗಳು ಮೂವರೂ ಕಾಯುವುದು ಒಂದೇ ಜಾಗಕ್ಕೆ. ಕಂಬ ಒಡೆಯಬೇಕು.

ರೈಡಿನಲ್ಲಿ ಪ್ರಹ್ಲಾದನ ಗೊಂಬೆ ಇರಬಾರದು. ಕೂತ ಮಗುವೇ ಪ್ರಹ್ಲಾದ. ಗಾಡಿ ಬೆಟ್ಟದ ತುದಿ, ಆನೆ, ಹಾವು, ಬೆಂಕಿ ಎಲ್ಲ ದಾಟಿ ಸಭೆಗೆ ಬಂದು ನಿಲ್ಲುತ್ತದೆ. ಹಿರಣ್ಯಕಶಿಪು ಗದೆ ತೋರಿಸಿ ಕೇಳುತ್ತಾನೆ, “ಈ ಕಂಬದಲ್ಲಿ ಇದ್ದಾನೇನು ನಿನ್ನ ಹರಿ?” ಮಕ್ಕಳೆಲ್ಲ ಕೂಡಿ “ಇದ್ದಾನೆ!” ಅಂತ ಕೂಗಬೇಕು. ಗುಂಡಿ ಒತ್ತುವ ಹುಡುಗ ಆ ಕೂಗಿಗೆ ಕಾಯಬೇಕು, ಅವಸರ ಮಾಡಬಾರದು. ಎರಡು ಹೋಳಿನ ಫೈಬರ್ ಕಂಬ, ಹಿಂದೆ ಹಿಂಜು, ಗಾಳಿಯ ಸಿಲಿಂಡರ್. ಫಟ್ಟನೆ ತೆರೆಯುತ್ತದೆ. ಕಷ್ಟದ ಕೆಲಸ ಅಲ್ಲವೇ ಅಲ್ಲ.

ಹೆದರಿಕೆ ಎಷ್ಟಿರಬೇಕು ಅನ್ನುವುದೇ ಕಷ್ಟ. ಸ್ನೋ ವೈಟ್ ರೈಡಿನ ಮಾಟಗಾತಿಗೆ ಚಿಕ್ಕ ಮಕ್ಕಳು ಅಳುತ್ತಿದ್ದವು. 1983ರಲ್ಲಿ ಹೆಸರಿನಲ್ಲೇ ‘ಸ್ಕೇರಿ’, ಅಂದ್ರೆ ಹೆದರಿಸುವಂಥದ್ದು, ಅಂತ ಸೇರಿಸಿ ಎಚ್ಚರಿಕೆ ಕೊಟ್ಟರು. 2021ರಲ್ಲಿ ಆ ಮಾತು ತೆಗೆದು, ರೈಡನ್ನ ಇನ್ನಷ್ಟು ಹಿತವಾಗಿ ಮಾಡಿದರು. ನರಸಿಂಹನನ್ನ ಹಲ್ಲು ಕಿಸಿದ ಫೈಬರ್ ಗೊಂಬೆ ಮಾಡಿ ನುಗ್ಗಿಸಿದರೆ ನಮ್ಮಲ್ಲೂ ಅದೇ ಆಗುತ್ತದೆ. ಅದಕ್ಕೆ ಉತ್ತರ ಕೊಪ್ಪಳ ತಾಲ್ಲೂಕಿನ ಮೋರನಾಳದಲ್ಲೇ ಇದೆ. ತೊಗಲು ಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕಂಬ ಒಡೆದಾಗ ಹಿಂದೆ ಬಿಳಿ ಪರದೆ, ಅದರ ಮೇಲೆ ತೊಗಲು ಗೊಂಬೆಯ ನರಸಿಂಹ ಏಳಲಿ. ದೀಪ ಹತ್ತಿರ ಬಂದಂತೆ ನೆರಳು ಚಾವಣಿ ಮುಟ್ಟಲಿ. ಬಣ್ಣ ಪರದೆಯಿಂದ ಮಕ್ಕಳ ಮುಖದ ಮೇಲೆ ಬೀಳಲಿ. ಮೈ ಜುಮ್ಮೆನ್ನುತ್ತದೆ, ಆದರೆ ನೆರಳು ಯಾರನ್ನೂ ಕಚ್ಚುವುದಿಲ್ಲ ಅಂತ ಮಗುವಿಗೂ ಗೊತ್ತು. ಸಭೆಯ ಗೊಂಬೆಗಳನ್ನ, ಆನೆಯನ್ನ ಕಿನ್ನಾಳದ ಚಿತ್ರಗಾರರು ಮಾಡಲಿ. ಹಗುರ ಮರಕ್ಕೆ ಹುಣಸೆ ಬೀಜದ ಅಂಟು ಹಾಕಿ ಬಣ್ಣ ಕೊಡುವ ಕೈ ಅವರದು. ಭಾನಾಪುರದಲ್ಲಿ ದೊಡ್ಡ ಆಟಿಕೆ ಕ್ಲಸ್ಟರ್ ಇದೆ, ಅಚ್ಚು ಹೊಯ್ಯುವುದು ಗೊತ್ತಿರುವವರೂ ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ದುಡ್ಡಿನ ಮಾತು. ಚಾರ್ಲಿ ರೈಡ್ ಮಾಡಬೇಕಂದ್ರೆ ನಿರ್ಮಾಪಕರ ಹತ್ತಿರ ಹಕ್ಕು ಕೊಳ್ಳಬೇಕು, ಕೇಳದೆ ಮಾಡಬಾರದು. ರಾಜಕುಮಾರ್ ಅವರ ಮುಖ, ದನಿಗೂ ಅದೇ ಮಾತು. ಆದರೆ ಪ್ರಹ್ಲಾದನ ಕಥೆಗೆ ಯಾರ ಅಪ್ಪಣೆಯೂ ಬೇಡ. ಜಾತ್ರೆಗೆ ರೈಡ್ ತರುವ ಮಾಲೀಕರೇ, ಒಂದು ಡೇರೆ, ಸುತ್ತ ಒಂದು ಹಳಿ, ಆರು ಗಾಡಿ ಸಾಕು. ಗಾಡಿಯ ಮೆಟ್ಟಿಲು ಒಂದು ಗೇಣಿಗಿಂತ ಎತ್ತರ ಬೇಡ, ಹಿಡಿದುಕೊಳ್ಳೋಕೆ ಪೈಪು ಇರಲಿ, ಕುಕ್ಕಾಟ ಬೇಡ. ಅಜ್ಜಿಯ ತೊಡೆ ಮೇಲೆ ಮೊಮ್ಮಗು ಕೂರುವಷ್ಟು ಸೀಟು ಅಗಲ ಇರಲಿ. ಕಬ್ಬಿಣದ ಕೆಲಸ ನಾನು ಮಾಡಿಕೊಡ್ತೀನಿ, ಮಾಲಿನ ರೇಟು ಬಿಟ್ಟು ಕೂಲಿ ತಗೊಳ್ಳಲ್ಲ. ಬರುವ ಜಾತ್ರೆಗೆ ತಯಾರಾಗಬೇಕಂದ್ರೆ ದೀಪಾವಳಿಯೊಳಗೆ ಅಂಗಡಿಗೆ ಬಂದು ಅಳತೆ ಕೊಡಿ.