ನಿಮ್ಮದೇ ವಿಳಾಸದಿಂದ ಬೆದರಿಕೆ ಇಮೇಲ್ ಬಂದರೆ ಕಂಪ್ಯೂಟರ್ ಹ್ಯಾಕ್ ಆಗಿದೆ ಎಂದಲ್ಲ

"ನಿಮ್ಮದೇ ಐಡಿಯಿಂದ ನಿಮಗೆ ಇಮೇಲ್ ಬಂದು, ಅದರಲ್ಲಿ ನಿಮ್ಮ ಪಾಸ್‌ವರ್ಡ್ ಇದ್ದರೆ ಕಂಪ್ಯೂಟರ್ ಹ್ಯಾಕ್ ಆಗಿದೆ. ತಕ್ಷಣ ಫಾರ್ಮ್ಯಾಟ್ ಮಾಡಿಸಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

"ಕ್ಯಾಮೆರಾದಲ್ಲಿ ನಿಮ್ಮ ಖಾಸಗಿ ವಿಡಿಯೊ ಸಿಕ್ಕಿದೆ, ಬಿಟ್‌ಕಾಯಿನ್ ಕಳಿಸಿ" ಎನ್ನುವ ಈ ಇಮೇಲ್ ಹಳೆಯ ಮೋಸ. ಪಾಸ್‌ವರ್ಡ್ ತೋರಿಸಿ ಹೆದರಿಸುವ ಚಾಳಿ 2018ರಿಂದ ಜಾಸ್ತಿಯಾಯಿತು. ಒಂದೇ ಪತ್ರ ಸಾವಿರಾರು ಜನರಿಗೆ ಹೋಗುತ್ತದೆ. ವಿಡಿಯೊ ಇರುವುದೇ ಇಲ್ಲ.

ಹಾಗಾದರೆ ನಮ್ಮ ವಿಳಾಸ ಹೇಗೆ ಬಂತು? ಅಂಚೆ ಲಕೋಟೆಯ ಮೇಲೆ ಕಳಿಸಿದವರ ಹೆಸರನ್ನು ಯಾರು ಏನು ಬೇಕಾದರೂ ಬರೆಯಬಹುದು, ಅಲ್ವಾ? ಇಮೇಲ್‌ನಲ್ಲೂ ಹಾಗೆಯೇ. ಪಾಸ್‌ವರ್ಡ್ ಸಾಮಾನ್ಯವಾಗಿ ಯಾವುದೋ ವೆಬ್‌ಸೈಟಿನಿಂದ ಸೋರಿದ್ದು. ಉದ್ಯೋಗ ಸಂಪರ್ಕದ ತಾಣ ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕದ್ದ ಮಾಹಿತಿ 2016ರಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿ 11 ಕೋಟಿಗೂ ಹೆಚ್ಚು ಖಾತೆಗಳ ಪಾಸ್‌ವರ್ಡ್ ಇದ್ದವು. 'ಹ್ಯಾವ್ ಐ ಬೀನ್ ಪೌನ್ಡ್' (haveibeenpwned.com) ತಾಣದಲ್ಲಿ ನಿಮ್ಮ ಇಮೇಲ್ ಹಾಕಿದರೆ ಎಲ್ಲೆಲ್ಲಿ ಸೋರಿದೆ ಎಂದು ಉಚಿತವಾಗಿ ಗೊತ್ತಾಗುತ್ತದೆ.

ಫಾರ್ಮ್ಯಾಟ್ ಮಾಡಿಸಿ ಮಕ್ಕಳ ಫೋಟೊ ಕಳೆದುಕೊಳ್ಳಬೇಡಿ. ಉತ್ತರ ಬರೆಯಬೇಡಿ, ಹಣ ಕಳಿಸಬೇಡಿ, ಸ್ಪ್ಯಾಮ್ ಎಂದು ಗುರುತು ಮಾಡಿ. ಆ ಪಾಸ್‌ವರ್ಡ್ ಈಗಲೂ ಎಲ್ಲಾದರೂ ಬಳಸುತ್ತಿದ್ದರೆ ಇವತ್ತೇ ಬದಲಿಸಿ, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಕೋಡ್‌ನಂಥ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಆನ್ ಮಾಡಿ. ಹಣ ಈಗಾಗಲೇ ಹೋಗಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.