ಕನ್ನಡಿಯೊಳಗಿನ ಕೆರೆ

ಬಾಲಿಗೆ ಹೋಗಿ ಬಂದವರ ಆ ಫೋಟೋ ನೀವೂ ನೋಡಿರ್ತೀರಿ. ನಡುವೆ ಸೀಳಿ ಎರಡು ಹೋಳು ಮಾಡಿ ನಿಲ್ಲಿಸಿದಂಥ ಕಲ್ಲಿನ ಹೆಬ್ಬಾಗಿಲು, ಅದರ ಮಧ್ಯೆ ಗಂಡ ಹೆಂಡತಿ, ಹಿಂದೆ ಜ್ವಾಲಾಮುಖಿ, ಕಾಲ ಬುಡದಲ್ಲಿ ಒಂದು ಅಲೆಯೂ ಇಲ್ಲದ ತಿಳಿನೀರಿನ ಕೆರೆ. ಲೆಂಪುಯಾಂಗ್ ದೇವಸ್ಥಾನ ಅಂತ ಊರವರು ಕರೆಯುತ್ತಾರೆ. ಇನ್‌ಸ್ಟಾಗ್ರಾಂನವರು ಸ್ವರ್ಗದ ಬಾಗಿಲು ಅಂತಾರೆ. ಫೋಟೋದಲ್ಲಿ ಕಾಣೋದೆಲ್ಲ ಅಲ್ಲಿ ಇದೆ, ಕೆರೆ ಒಂದನ್ನು ಬಿಟ್ಟು.

ಇದೇನು ಗುಟ್ಟಲ್ಲ. 2019ರಲ್ಲೇ ಜಗತ್ತಿಗೆಲ್ಲ ಗೊತ್ತಾಯಿತು. ಆಮೇಲಾದರೂ ಜನ ಕಡಿಮೆ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಮೊದಲು ಮೋಸ ಹೋಗೋಕೆ ಬರುತ್ತಿದ್ದರು, ಈಗ ಅದೇ ಮೋಸವನ್ನು ಊರಿನ ನೆಂಟರಿಷ್ಟರಿಗೆ ಮಾಡೋಕೆ ಬರುತ್ತಾರೆ. ಎಲ್ಲ ತಿಳಿದೂ ನಾನು ಹೆಂಡತಿ, ನಾದಿನಿಯ ಜೊತೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋದೆ. ಮದುವೆಯಾದವರಿಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಕಿಲ್ಲ.

ಉಬುದ್‌ನಿಂದ ಹೆಚ್ಚುಕಮ್ಮಿ ಎರಡು ಗಂಟೆ ದಾರಿ. ಕೆಳಗೆ ನಮ್ಮ ಕಾರು ಬಿಟ್ಟು ಅವರ ವ್ಯಾನ್ ಹತ್ತಬೇಕು, ಮೇಲೆ ಲುಂಗಿಯಂಥ ಸರೋಂಗ್ ಸುತ್ತಿಕೊಳ್ಳಬೇಕು, ಅಷ್ಟರಲ್ಲಿ ಕೈಗೊಂದು ನಂಬರ್ ಬರುತ್ತದೆ. ನಮ್ಮದು 143. ಒಳಗೆ ನಡೆಯುತ್ತಿದ್ದದ್ದು 31. ಮದುವೆ ಛತ್ರದಲ್ಲಿ ಎರಡನೇ ಪಂಕ್ತಿಗೆ ಕಾಯೋರು ಉಣ್ಣುವವರ ಕುರ್ಚಿ ಹಿಂದೆ ನಿಂತು ಎಲೆ ನೋಡ್ತಾರಲ್ಲ, ಹಾಗೆ ನೂರಾರು ಜನ ಬಾಗಿಲ ಕಡೆ ನೋಡುತ್ತ ಕೂತಿದ್ದರು. ಒಬ್ಬ ಮಾತ್ರ ಒಂದೇ ಸಮ ಕೂಗುತ್ತಿದ್ದ. ಪೋಸ್! ಚೇಂಜ್! ಜಂಪ್! ನೆಕ್ಸ್ಟ್!

ಹೊತ್ತು ಹೋಗದೆ ನಾನು ಫೋಟೋ ತೆಗೆಯುವವನ ಹತ್ತಿರ ಹೋಗಿ ನಿಂತೆ. ಕೆರೆ ಅವನ ಎಡಗೈಯಲ್ಲಿತ್ತು. ಅಂಗೈ ಅಗಲದ ಕನ್ನಡಿ ತುಂಡು, ಅಂಚಿಗೆ ಕಪ್ಪು ಟೇಪು, ಒಂದು ಮೂಲೆ ಒಡೆದಿದೆ. ಅದನ್ನು ಫೋನಿನ ಕ್ಯಾಮೆರಾ ಕೆಳಗೆ ಅಡ್ಡಡ್ಡ ಹಿಡಿದರೆ ಸಾಕು, ಮೇಲಿನ ಬಾಗಿಲು, ಆಕಾಶ ಎಲ್ಲ ತಲೆಕೆಳಗಾಗಿ ನೀರಿನ ಥರ ಕಾಣುತ್ತದೆ. ನಡುವೆ ಒಮ್ಮೆ ಬೆರಳಿನ ಬೆವರು ಹತ್ತಿ ಕೆರೆ ಮಂಕಾಯಿತು. ಅವನು ಸರೋಂಗ್ ತುದಿಯಿಂದ ಎರಡು ಸಲ ಉಜ್ಜಿದ. ಮುಗಿಯಿತು, ಹೂಳೆತ್ತುವ ಕಾಮಗಾರಿ ಮೂರು ಸೆಕೆಂಡಿನಲ್ಲಿ! ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬರೋದನ್ನು, 2017ರಲ್ಲಿ ಆ ಕೆರೆಗೇ ಬೆಂಕಿ ಬಿದ್ದದ್ದನ್ನು ಕಂಡ ಬೆಂಗಳೂರಿನವನಿಗೆ ಹೊಟ್ಟೆ ಉರಿಯದೆ ಇರುತ್ತಾ?

ನಾವು ಕಾಯುತ್ತಿದ್ದಾಗ ಪಕ್ಕದ ದಾರಿಯಲ್ಲಿ ಒಬ್ಬ ಅಜ್ಜಿ ತಲೆ ಮೇಲೆ ನೈವೇದ್ಯದ ಬುಟ್ಟಿ ಹೊತ್ತು, ಯಾರ ಕಡೆಗೂ ನೋಡದೆ ಮೇಲಕ್ಕೆ ಹೋದರು. ಅಸಲಿ ವಿಷಯ ಏನಂದರೆ, ಮುಖ್ಯ ಗುಡಿ ಇರೋದು ಬೆಟ್ಟದ ತುದಿಯಲ್ಲಿ, ಸುಮಾರು 1,700 ಮೆಟ್ಟಿಲು ಹತ್ತಿದ ಮೇಲೆ. ನಾವೆಲ್ಲ ಕೂತಿದ್ದದ್ದು ಕೆಳಗಿನ ಗುಡಿಯಲ್ಲಿ. ಮೂರು ಗಂಟೆ ಕಾದ ಹೊತ್ತಿಗೆ ಮೇಲೆ ಹೋಗಿ ಕೈಮುಗಿಯಬಹುದಿತ್ತು. ನಾದಿನಿಗೆ ಹೇಳಿದೆ. "ಭಾವ, ಅಲ್ಲಿ ಕನ್ನಡಿ ಹಿಡಿಯೋರು ಇರ್ತಾರಾ?" ಅಂದಳು.

ನಮ್ಮ ನಂಬರ್ ಬರುವಷ್ಟರಲ್ಲಿ ಅಗುಂಗ್ ಬೆಟ್ಟ ಮೋಡದೊಳಗೆ ಹೋಗಿತ್ತು. ಮೂರು ಸಾವಿರ ಮೀಟರ್ ದಾಟಿದ, 1963ರಲ್ಲಿ ಸಿಡಿದು ಸಾವಿರಕ್ಕೂ ಜಾಸ್ತಿ ಜನರ ಪ್ರಾಣ ತೆಗೆದ, ಬಾಲಿಯವರು ದೇವರ ಜಾಗ ಅಂತ ನಂಬುವ ಬೆಟ್ಟ. ನಮ್ಮ ಪಾಲಿಗೆ ಬ್ಯಾಕ್‌ಗ್ರೌಂಡ್. ಅದೂ ಇಲ್ಲ. "ಬ್ಲಿ, ವಾಲ್ಕೆನೋ ಎಲ್ಲಿ?" ಅಂತ ಡ್ರೈವರನ್ನು ಕೇಳಿದೆ. ಬ್ಲಿ ಅಂದರೆ ಅವರಲ್ಲಿ ಅಣ್ಣ. "ಇಲ್ಲೇ ಇದೆ, ಕಾಣಲ್ಲ ಅಷ್ಟೇ" ಅಂದ. ಇಲ್ಲದ ಕೆರೆ ಕಾಣುತ್ತದೆ, ಇರುವ ಬೆಟ್ಟ ಕಾಣುವುದಿಲ್ಲ. ನಾವು ಹಾರಿದೆವು. ನೆಕ್ಸ್ಟ್.

ಅಲ್ಲಿಂದ ಮುಂದೆ ಎಲ್ಲ ಕಡೆ ಇದೇ ಕಥೆ. ತೆಗಲಲಾಂಗ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳ ಮೇಲೆ ಉಯ್ಯಾಲೆ, ಅದಕ್ಕೆ ಬೆನ್ನ ಹಿಂದೆ ಹತ್ತು ಅಡಿ ಹಾರುವ ಬಾಡಿಗೆ ಗೌನು. ನೀರು ಹಂಚಿಕೊಳ್ಳುವ ಸುಬಕ್ ಪದ್ಧತಿಗಾಗಿ ಬಾಲಿಯ ಗದ್ದೆಗಳಿಗೆ 2012ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿತು. ಉಯ್ಯಾಲೆಯ ಸಾಲಿನಲ್ಲಿ ಆ ಮಾತೇ ಇಲ್ಲ, ಕೆಂಪು ಗೌನು ಖಾಲಿ ಇದೆಯಾ ಅನ್ನೋದೇ ಮಾತು. ಪಕ್ಕದ ನುಸಾ ಪೆನಿಡಾ ದ್ವೀಪದ ಕೆಲಿಂಗ್‌ಕಿಂಗ್‌ನಲ್ಲಂತೂ ಬೆಟ್ಟದಿಂದ ಕಡಲತೀರಕ್ಕೆ ಇಳಿಯೋಕೆ ಕಷ್ಟ ಅಂತ ಬಂಡೆಗೆ ಒತ್ತಿ 182 ಮೀಟರ್ ಎತ್ತರದ ಗಾಜಿನ ಲಿಫ್ಟ್ ಕಟ್ಟಲು ಹೊರಟರು. ಜನ ನೋಡಲು ಬರುವ ಬಂಡೆಯ ಮುಂದೆಯೇ ಲಿಫ್ಟು! ಕೆಲಸ ಬಹುಪಾಲು ಎದ್ದು ನಿಂತ ಮೇಲೆ, 2025ರ ನವೆಂಬರಿನಲ್ಲಿ ಗವರ್ನರ್ ವಯನ್ ಕೋಸ್ಟರ್ ಅದನ್ನು ಕೆಡವಿ ಅಂದರು. ಅಷ್ಟು ದೊಡ್ಡ ಕಬ್ಬಿಣದ ಗೋಪುರ ಮೇಲೇಳುವಾಗ ಯಾರ ಕಣ್ಣಿಗೂ ಬೀಳಲಿಲ್ಲ ಅಂದರೆ ನಂಬಬೇಕು. ಅವರೂ ಕನ್ನಡಿಯಲ್ಲೇ ನೋಡುತ್ತಿದ್ದರೋ ಏನೋ.

ಇಡೀ ದ್ವೀಪದಲ್ಲಿ ನೇರ ವ್ಯವಹಾರ ಅಂತ ನನಗೆ ಕಂಡದ್ದು ಉಲುವಾಟು ದೇವಸ್ಥಾನದ ಕೋತಿಗಳದ್ದು. ಕನ್ನಡಕ ಕಿತ್ತುಕೊಳ್ತವೆ, ತಿನ್ನೋಕೆ ಕೊಟ್ಟರೆ ವಾಪಸ್ ಕೊಡ್ತವೆ. ಫೋನಿಗೆ ಚೌಕಾಸಿ ಜಾಸ್ತಿ. ಯಾವ ವಸ್ತು ಕಳೆದರೆ ಮನುಷ್ಯ ಹೆಚ್ಚು ಒದ್ದಾಡುತ್ತಾನೆ ಅಂತ ದೊಡ್ಡ ಕೋತಿಗಳಿಗೆ ಗೊತ್ತು, ಅದಕ್ಕೆ ತಕ್ಕ ಹಾಗೆ ರೇಟು ಏರಿಸುತ್ತವೆ ಅಂತ ಸಂಶೋಧಕರು 2021ರಲ್ಲಿ ಬರೆದಿದ್ದಾರೆ. ನನ್ನ ಕನ್ನಡಕ ಎರಡೇ ತುಂಡು ಹಣ್ಣಿಗೆ ಬಿಡುಗಡೆ ಆಯಿತು. ಸ್ವಲ್ಪ ಅವಮಾನವೇ ಆಯಿತು ಅನ್ನಿ.

ಊರಿಗೆ ಬಂದ ಮೇಲೆ ಹೆಂಡತಿ ಫ್ಯಾಮಿಲಿ ಗ್ರೂಪಿಗೆ ಕೆರೆಯ ಫೋಟೋ ಹಾಕಿದಳು. ಹತ್ತೇ ನಿಮಿಷದಲ್ಲಿ ತುಮಕೂರಿನಿಂದ ದೊಡ್ಡಪ್ಪನ ಫೋನು.

"ಏನಪ್ಪಾ, ನೀರು ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ! ಎಷ್ಟು ಆಳ ಇದೆ?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ತುಂಬಾ ಆಳ ದೊಡ್ಡಪ್ಪ, ಇಳಿಯೋಕೆ ಬಿಡಲ್ಲ" ಅಂದೆ.